ಮಿನಿ ಟ್ರ್ಯಾಕ್ಟರಿಗೆ ಹೊಸ ಟಯರ್ ಹಾಕುವ ಮುಂಚೆ ಡಿಸ್ಕ್ ನೋಡಿ

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ. ನನ್ನ ಮಿನಿ ಟ್ರ್ಯಾಕ್ಟರಿನ ಹಿಂದಿನ ಎರಡೂ ಟಯರ್ ಬದಲಿಸಲೆಂದು ಬ್ರಹ್ಮಾವರದ ಕಡೆಯ ಒಂದು ಟಯರ್ ಅಂಗಡಿಗೆ ಹೋಗಿದ್ದೆ. ಹಳೆ ಟಯರ್ ಬಿಚ್ಚಿದ ಹುಡುಗ ರಿಮ್ಮಿನ ಒಳಗೆ ಕೈಯಾಡಿಸಿದ. ಕೈತುಂಬ ತುಕ್ಕಿನ ಹಕ್ಕಳೆ ಬಂತು. ಆಮೇಲೆ ವಾಲ್ವ್ ಕೂರುವ ತೂತಿನ ಹತ್ತಿರ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಒತ್ತಿದ. ಹಪ್ಪಳಕ್ಕೆ ಬೆರಳು ಹಾಕಿದ ಹಾಗೆ ಅದು ಆಚೆ ಬದಿಗೆ ಹೊರಟಿತು.

“ಇದಕ್ಕೆ ಹೊಸ ಟಯರ್ ಹಾಕಿ ಎಂತ ಮಾಡುದು ಮಾರಾಯ್ರೆ, ಡಿಸ್ಕೇ ಇಲ್ಲ ಅಲ್ಲ ಇದ್ರಲ್ಲಿ” ಅಂದ.

ಟಯರಿಗೆ ದುಡ್ಡು ಕೊಟ್ಟಾಗಿತ್ತು. ಡಿಸ್ಕ್ ಸಿಗಲು ಹನ್ನೊಂದು ದಿನ ಬೇಕಾಯಿತು. ಅಷ್ಟರಲ್ಲಿ ಮಳೆ ಹಿಡಿಯಿತು, ನೇಜಿ ನೆಡಲು ಗದ್ದೆ ಹದ ಮಾಡಲು ಬಾಡಿಗೆ ಟ್ರ್ಯಾಕ್ಟರಿಗೆ ಸರದಿ ಕಾಯುವ ಗತಿ ಬಂತು. ಆ ಹನ್ನೊಂದು ದಿನದಲ್ಲಿ ನಾನು ಅಲೆದು, ಕೇಳಿ, ಅಳೆದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಘಟ್ಟದ ಮೇಲಿನವರಿಗೆ ಟಯರ್ ಮೊದಲು ಸವೆಯುತ್ತದೆ, ಡಿಸ್ಕ್ ಟ್ರ್ಯಾಕ್ಟರ್ ಮಾರುವ ತನಕ ಬಾಳುತ್ತದೆ. ನಮ್ಮ ಕರಾವಳಿಯಲ್ಲಿ ಬಹಳ ಸಲ ಅದು ಉಲ್ಟಾ. ಹಾಗಾಗಿ ಹುಡುಕಾಟದ ಕ್ರಮವನ್ನೂ ನಾವು ಉಲ್ಟಾ ಮಾಡಿಕೊಳ್ಳಬೇಕು.

ಮೊದಲೇ ಒಂದು ಮಾತು: ನಮ್ಮಲ್ಲಿ ಕಬ್ಬಿಣದ ಚಕ್ರಕ್ಕೆ ಒಟ್ಟಾಗಿ ‘ಡಿಸ್ಕ್’ ಅನ್ನುತ್ತೇವೆ. ನಿಜಕ್ಕೂ ಅದರಲ್ಲಿ ಎರಡು ಭಾಗ. ಟಯರ್ ಕೂರುವ ಹೊರಗಿನ ಬಳೆ ರಿಮ್. ಆಕ್ಸಲ್ಲಿಗೆ ಬೋಲ್ಟ್ ಆಗುವ ನಡುವಿನ ತಟ್ಟೆ ಡಿಸ್ಕ್. ಕೆಲವು ಟ್ರ್ಯಾಕ್ಟರುಗಳಲ್ಲಿ ಇವೆರಡು ಬೋಲ್ಟಿನಿಂದ ಸೇರಿರುತ್ತವೆ, ಕೆಲವುದರಲ್ಲಿ ವೆಲ್ಡಿಂಗ್ ಆಗಿ ಒಂದೇ ಆಗಿರುತ್ತವೆ. ಬೋಲ್ಟಿನದಾದರೆ ನೀವು ಪುಣ್ಯವಂತರು, ರಿಮ್ ಮಾತ್ರ ಬದಲಿಸಿದರೆ ಸಾಕು.

ಹಂತ 1: ಟಯರ್ ಮೇಲಿನ ಅಕ್ಷರ, ಅಂಕಿ ಎಲ್ಲ ಬರೆದುಕೊಳ್ಳಿ

“ಇಂಥ ಕಂಪನಿಯ ಮಿನಿ ಟ್ರ್ಯಾಕ್ಟರಿಗೆ ಟಯರ್ ಕೊಡಿ” ಎಂದು ಕೇಳಬೇಡಿ. ಒಂದೇ ಕಂಪನಿಯ ಮಿನಿ ಟ್ರ್ಯಾಕ್ಟರಿನಲ್ಲೂ ಮಾಡೆಲ್ ಬದಲಾದರೆ ಟಯರ್ ಸೈಜು ಬದಲಾಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಿಂದಿನ ಮಾಲೀಕರು ಏನು ಹಾಕಿದ್ದಾರೋ ದೇವರೇ ಬಲ್ಲ. ಆದ್ದರಿಂದ ಒಂದು ಬಾಲ್ದಿ ನೀರು, ಒಂದು ತೆಂಗಿನ ಸಿಪ್ಪೆ ತೆಗೆದುಕೊಂಡು ಟಯರಿನ ಪಕ್ಕೆ ಉಜ್ಜಿ ತೊಳೆಯಿರಿ. ಅಕ್ಷರ ಕಾಣದಿದ್ದರೆ ಚಾಕ್‌ಪೀಸ್ ಅಡ್ಡಹಿಡಿದು ಉಜ್ಜಿ, ಎದ್ದು ಕಾಣುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮುಂದಿನದು, ಹಿಂದಿನದು, ಎಡ, ಬಲ, ನಾಲ್ಕನ್ನೂ ತೆಗೆಯಿರಿ.

ಮಿನಿ ಟ್ರ್ಯಾಕ್ಟರುಗಳ ಹಿಂದಿನ ಟಯರಿನಲ್ಲಿ ಸಾಮಾನ್ಯವಾಗಿ 8.00-18, 8.3-20, 8.3-24 ಈ ತರ ಇರುತ್ತದೆ. ಮೊದಲ ಸಂಖ್ಯೆ ಟಯರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ನಡುವೆ ಅಡ್ಡಗೆರೆ ಇದ್ದರೆ ಅದು ಸಾಮಾನ್ಯ ನೈಲಾನ್ ಟಯರ್, ಆರ್ ಎಂಬ ಅಕ್ಷರ ಇದ್ದರೆ ರೇಡಿಯಲ್. ಕೆಲವು ರೇಡಿಯಲ್‌ಗಳಲ್ಲಿ 8.3 ಎಂದು ಬರೆಯುವ ಬದಲು ಮಿಲಿಮೀಟರ್ ಲೆಕ್ಕದಲ್ಲಿ 210/95 ಆರ್ 24 ಎಂದಿರುತ್ತದೆ. ಅದು 8.3 ಆರ್ 24ಕ್ಕೆ ಸಮ. ಗಾಬರಿ ಬೇಡ.

ಆಮೇಲೆ 6ಪಿಆರ್, 8ಪಿಆರ್ ಎಂದು ಇರುತ್ತದೆ. ಇದನ್ನು ಪ್ಲೈ ಅನ್ನುತ್ತಾರೆ. ಅಷ್ಟು ಪದರ ಇದೆ ಎಂದು ಇದರ ಅರ್ಥವಲ್ಲ, ಎಷ್ಟು ಭಾರ ತಡೆಯುತ್ತದೆ ಎಂಬುದರ ದರ್ಜೆ ಅದು. ಕಲ್ಲು, ಮರಳು, ತೆಂಗಿನಕಾಯಿ ಎಂದು ಟ್ರೇಲರ್ ಎಳೆಯುವವರು ಇದ್ದುದಕ್ಕಿಂತ ಕಡಿಮೆ ಪ್ಲೈಗೆ ಇಳಿಯಬಾರದು. ಕೊನೆಗೆ 100 ಎ6, 104 ಎ8 ಈ ತರ ಒಂದು ಗುರುತು ಇರಬಹುದು. ಅದರಲ್ಲಿ ಅಂಕಿ ಭಾರಕ್ಕೆ (100 ಅಂದರೆ ಒಂದು ಟಯರಿಗೆ 800 ಕಿಲೋ), ಅಕ್ಷರ ವೇಗಕ್ಕೆ. ಎ6 ಅಂದರೆ ಗಂಟೆಗೆ 30 ಕಿಲೋಮೀಟರ್, ಎ8 ಅಂದರೆ 40.

ಮುಂದಿನ ಟಯರಿನ ಕತೆ ಬೇರೆ. ಟು ವೀಲ್ ಡ್ರೈವ್ ಮಿನಿಗಳಲ್ಲಿ 5.20-14 ತುಂಬ ಕಾಣುತ್ತದೆ. ಹಳಬರಿಗೆ ಈ ಸೈಜು ಗೊತ್ತಿರುತ್ತದೆ, ನಮ್ಮ ಹಳೆ ಪದ್ಮಿನಿ ಟ್ಯಾಕ್ಸಿಗಳದ್ದೂ ಇದೇ ಸೈಜು. ಆದರೆ ಮನೆಯ ಅಟ್ಟದಲ್ಲಿ ಅಂಥದ್ದೊಂದು ಕಾರಿನ ಟಯರ್ ಉಂಟು ಎಂದು ಅದನ್ನು ಇಳಿಸಿ ತರಬೇಡಿ. ಟ್ರ್ಯಾಕ್ಟರಿನ ಮುಂದಿನ ಟಯರಿನಲ್ಲಿ ಸುತ್ತಲೂ ಉದ್ದಕ್ಕೆ ಮೂರು ಏಣು ಇರುತ್ತವೆ. ಕೆಸರಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಮಣ್ಣನ್ನು ಕಚ್ಚಿ ಗಾಡಿಯನ್ನು ತಿರುಗಿಸುವುದು ಆ ಏಣೇ. ಕಾರಿನ ಟಯರ್ ಹಾಕಿದರೆ ಗದ್ದೆಯಲ್ಲಿ ಚಕ್ರ ತಿರುಗುತ್ತದೆ, ಟ್ರ್ಯಾಕ್ಟರ್ ಮಾತ್ರ ನೇರ ಹೋಗುತ್ತದೆ.

ಹಂತ 2: ಅಂಗಡಿಗೆ ಹೋಗುವ ಮೊದಲೇ ಡಿಸ್ಕ್ ಪರೀಕ್ಷೆ

ಇದು ನಾನು ತಪ್ಪಿಸಿದ ಹಂತ. ನೀವು ತಪ್ಪಿಸಬೇಡಿ.

ರಿಮ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಕೊಳೆಯುವುದು ಒಳಗೆ, ಟ್ಯೂಬ್ ಮತ್ತು ಕಬ್ಬಿಣದ ನಡುವೆ. ಗದ್ದೆಯ ನೀರು ವಾಲ್ವಿನ ತೂತಿನಿಂದ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ಆ ನೀರಿನಲ್ಲಿ ಗೊಬ್ಬರವೂ ಇರುತ್ತದೆ. ನಾವು ಅಡಿಕೆಗೂ ತೆಂಗಿಗೂ ಹಾಕುವ ಪೊಟ್ಯಾಷ್, ಅಂದರೆ ಎಂಒಪಿ, ಒಂದು ಬಗೆಯ ಉಪ್ಪೇ. ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ಶತ್ರು ಬೇರೆ ಬೇಡ. ಹೊಳೆಬದಿಯ, ಉಬ್ಬರಕ್ಕೆ ಉಪ್ಪುನೀರು ಬರುವ ಬಯಲು ಗದ್ದೆಯವರಿಗಂತೂ ಹೇಳುವುದೇ ಬೇಡ. ಕೆಲವರು ಹಿಡಿತ ಹೆಚ್ಚಲೆಂದು ಹಿಂದಿನ ಟಯರಿಗೆ ನೀರು ತುಂಬಿಸುತ್ತಾರೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಹಾಗಾಗಿ ತುಂಬಿಸುವುದು ತಪ್ಪಲ್ಲ. ಆದರೆ ವಾಲ್ವಿನ ಬುಡದಲ್ಲಿ ಜಿನುಗು ಇದ್ದರೆ ವರ್ಷಗಟ್ಟಲೆ ರಿಮ್ ಒದ್ದೆಯಾಗಿಯೇ ಇರುತ್ತದೆ. ನನ್ನದು ಹಾಳಾದದ್ದು ಹೀಗೆ.

ಟಯರ್ ಬಿಚ್ಚದೆ ನೋಡುವುದು ಹೇಗೆ? ವಾಲ್ವಿನ ತೂತಿನ ಸುತ್ತ ವೈರ್ ಬ್ರಷ್‌ನಿಂದ ಉಜ್ಜಿ. ಪೈಂಟ್ ಉಬ್ಬಿದ್ದರೆ ಅದನ್ನು ಕೆರೆದು ತೆಗೆಯಿರಿ. ತೂತಿನ ಅಂಚು ವೃತ್ತವಾಗಿ, ದಪ್ಪವಾಗಿ ಉಳಿದಿದೆಯೇ ಅಥವಾ ಬ್ಲೇಡಿನಂತೆ ತೆಳ್ಳಗಾಗಿದೆಯೇ ನೋಡಿ. ತೆಳ್ಳಗಾಗಿದ್ದರೆ ಟ್ಯೂಬಿನ ವಾಲ್ವನ್ನು ಅದೇ ಕತ್ತರಿಸುತ್ತದೆ. ಪದೇ ಪದೇ ವಾಲ್ವಿನ ಬುಡದಲ್ಲೇ ಪಂಕ್ಚರ್ ಆಗುತ್ತಿದ್ದರೆ ಟ್ಯೂಬನ್ನು ಬೈಯಬೇಡಿ, ರಿಮ್ಮನ್ನು ನೋಡಿ. ಆಮೇಲೆ ಸಣ್ಣ ಸುತ್ತಿಗೆಯಿಂದ ರಿಮ್ಮಿನ ಸುತ್ತ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಕೇಳಿಸುತ್ತದೆ, ಕೊಳೆತದ್ದು ಒಡಕು ಮಡಕೆಯ ಹಾಗೆ. ಇನ್ನು ಬೋಲ್ಟಿನ ತೂತುಗಳು. ನಟ್ಟು ಸಡಿಲವಿಟ್ಟು ಓಡಿಸಿದ್ದರೆ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿರುತ್ತದೆ. ತೂತಿನಿಂದ ತೂತಿಗೆ ಕೂದಲೆಳೆಯಂಥ ಬಿರುಕು ಕಂಡರೆ ಆ ಡಿಸ್ಕಿನ ಆಯುಷ್ಯ ಮುಗಿಯಿತು.

ಮೇಲಿನ ತುಕ್ಕು ಮಾತ್ರ, ಕಬ್ಬಿಣ ದಪ್ಪವಿದೆ ಎಂದಾದರೆ ಹೊಸದು ಬೇಡ. ಟಯರ್ ಬಿಚ್ಚಿಸಿ, ವೈರ್ ಬ್ರಷ್ ಅಥವಾ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ, ಪ್ರೈಮರ್ ಕೊಟ್ಟು ಪೈಂಟ್ ಮಾಡಿ. ಸಾಮಾನ್ಯ ರೆಡ್ ಆಕ್ಸೈಡ್ ನಮ್ಮ ಗಾಳಿಗೆ ಸಾಲದು. ಮಲ್ಪೆ ಬಂದರಿನ ಆಸುಪಾಸಿನ ಪೈಂಟ್ ಅಂಗಡಿಯಲ್ಲಿ ಬೋಟಿಗೆ ಬಳಿಯುವ ಇಪಾಕ್ಸಿ ಪ್ರೈಮರ್ ಕೇಳಿ. ಸಮುದ್ರದಲ್ಲೇ ಬದುಕುವವರು ಏನು ಬಳಿಯುತ್ತಾರೋ ಅದು ಗದ್ದೆಗೆ ಧಾರಾಳ ಸಾಕು. ಟಯರಿನ ಅಂಚು ಕೂರುವ ಜಾಗದಲ್ಲಿ ಮಾತ್ರ ಪೈಂಟ್ ತೆಳುವಾಗಿರಲಿ, ಪೂರ್ತಿ ಒಣಗಿದ ಮೇಲೆಯೇ ಟಯರ್ ಹಾಕಿಸಿ.

ಇನ್ನೊಂದು ಎಚ್ಚರಿಕೆ, ಇದನ್ನು ತಮಾಷೆ ಎಂದುಕೊಳ್ಳಬೇಡಿ. ಟಯರ್ ಕೂತಿರುವಾಗ ರಿಮ್ಮಿಗೆ ವೆಲ್ಡಿಂಗ್ ಮಾಡಿಸಬೇಡಿ. ಗಾಳಿ ಬಿಟ್ಟಿದ್ದರೂ ಮಾಡಬಾರದು. ಒಳಗಿನ ರಬ್ಬರ್ ಕಾದು ಅನಿಲ ಹುಟ್ಟಿ ಟಯರ್ ಬಾಂಬಿನಂತೆ ಸಿಡಿಯಬಹುದು. “ಎರಡು ಚುಕ್ಕಿ ಹೊಡೀತೇನೆ, ಬಿಚ್ಚುದು ಬೇಡ” ಎನ್ನುವ ವೆಲ್ಡರ್ ಎಷ್ಟು ಪರಿಚಯದವರಾದರೂ ಅಲ್ಲಿಂದ ಗಾಡಿ ತೆಗೆಯಿರಿ.

ಹಂತ 3: ಡಿಸ್ಕ್ ಬೇಕೇ ಬೇಕು ಎಂದಾದರೆ ಅಳತೆ

ಹಳೆ ಕ್ಯಾಲೆಂಡರಿನ ಒಂದು ದೊಡ್ಡ ಹಾಳೆ ತೆಗೆಯಿರಿ. ಬಿಚ್ಚಿದ ಡಿಸ್ಕನ್ನು ಅಂಗಳದಲ್ಲಿ ಮಲಗಿಸಿ, ಹಾಳೆಯನ್ನು ಅದರ ನಡುಭಾಗಕ್ಕೆ ಹಾಸಿ, ಒಲೆಯ ಇದ್ದಿಲಿನಿಂದ ಮೆಲ್ಲಗೆ ಉಜ್ಜಿ. ನಡುವಿನ ದೊಡ್ಡ ತೂತು, ಸುತ್ತಲಿನ ಬೋಲ್ಟ್ ತೂತು ಎಲ್ಲ ಹಾಳೆಯ ಮೇಲೆ ಅಚ್ಚಾಗುತ್ತವೆ. ಆ ಹಾಳೆ ಮಡಚಿ ಕಿಸೆಯಲ್ಲಿಟ್ಟುಕೊಂಡು ಮಂಗಳೂರಿಗೂ ಹೋಗಬಹುದು, ಶಿವಮೊಗ್ಗಕ್ಕೂ ಹೋಗಬಹುದು. ಗುಜರಿ ಅಂಗಡಿಯಲ್ಲಿ ಸಿಕ್ಕ ಡಿಸ್ಕಿನ ಮೇಲೆ ಹಾಸಿ ನೋಡಿದರೆ ಒಂದೇ ನಿಮಿಷದಲ್ಲಿ ಉತ್ತರ ಸಿಗುತ್ತದೆ. ನಾನು ಬಾಯಿಮಾತಿನ ಅಳತೆ ಹೇಳಿ ಒಮ್ಮೆ ಮೋಸಹೋದ ಮೇಲೆ ಇದನ್ನು ಕಲಿತೆ.

ಇದರ ಜತೆ ಟೇಪಿನಲ್ಲಿ ಅಳೆಯಬೇಕಾದದ್ದು: ಬೋಲ್ಟ್ ತೂತುಗಳ ಸಂಖ್ಯೆ ಮತ್ತು ಅವು ಕೂತಿರುವ ವೃತ್ತದ ವ್ಯಾಸ. ಇದನ್ನು ಮೆಕ್ಯಾನಿಕ್‌ಗಳು ಪಿಸಿಡಿ ಅನ್ನುತ್ತಾರೆ. ನಾಲ್ಕು, ಆರು, ಎಂಟು ತೂತಾದರೆ ಸುಲಭ: ಎದುರುಬದುರು ಇರುವ ಎರಡು ತೂತುಗಳ ನಡುವಿನ ದೂರ ಅಳೆಯಿರಿ. ಮಧ್ಯದಿಂದ ಮಧ್ಯಕ್ಕೆ ಅಂದಾಜು ಮಾಡುವುದು ಕಷ್ಟ. ಅದರ ಬದಲು ಒಂದು ತೂತಿನ ಎಡ ಅಂಚಿನಿಂದ ಎದುರಿನ ತೂತಿನ ಎಡ ಅಂಚಿಗೆ ಅಳೆದರೆ ಅದೇ ಲೆಕ್ಕ. ಐದು ತೂತಾದರೆ ಎದುರು ಯಾವುದೂ ಇಲ್ಲ. ಆಗ ಒಂದು ತೂತು ಬಿಟ್ಟು ಅದರ ಆಚೆಯದಕ್ಕೆ ಅಳೆದು ಬಂದದ್ದನ್ನು 1.05ರಿಂದ ಗುಣಿಸಿ. ನಡುವಿನ ತೂತಿನ ವ್ಯಾಸವೂ ಬೇಕು. ಅದು ಒಂದೆರಡು ಮಿಲಿಮೀಟರ್ ಚಿಕ್ಕದಾದರೆ ಹಬ್ಬಿನ (ಆಕ್ಸಲ್ಲಿನ ತುದಿಯಲ್ಲಿ ಚಕ್ರ ಕೂರುವ ಭಾಗ) ಮೇಲೆ ಕೂರುವುದಿಲ್ಲ.

ರಿಮ್ಮಿನ ಒಳ ಅಗಲವನ್ನು ಟಯರ್ ಅಂಚು ಕೂರುವಲ್ಲಿಂದ ಅಂಚು ಕೂರುವಲ್ಲಿಗೆ ಅಳೆಯಬೇಕು, ಹೊರಗಿನ ಮಡಿಕೆಯನ್ನು ಸೇರಿಸಬಾರದು. ರಿಮ್ಮಿನ ಮೇಲೆಯೇ ಡಬ್ಲ್ಯೂ7 ಇತ್ಯಾದಿ ಅಚ್ಚು ಇದ್ದರೆ ಅದು ಏಳು ಇಂಚು. 8.3 ಅಗಲದ ಟಯರಿಗೆ ಇದು ಸರಿಯಾದ ಅಗಲ.

ಕೊನೆಯದು, ಆಫ್‌ಸೆಟ್. ರಿಮ್ಮಿನ ಮೇಲೆ ಒಂದು ನೇರ ಕೋಲು ಅಡ್ಡ ಇಟ್ಟು, ಅಲ್ಲಿಂದ ಡಿಸ್ಕಿನ ತಟ್ಟೆ ಎಷ್ಟು ಆಳದಲ್ಲಿದೆ ಎಂದು ಎರಡೂ ಬದಿಯಿಂದ ಅಳೆಯಿರಿ. ಇದು ತೋಟದವರಿಗೆ ಬಹಳ ಮುಖ್ಯ. ಅಡಿಕೆಯ ಸಾಲಿಗೆ ಸಾಲು ಒಂಬತ್ತು ಅಡಿ, ಅದರ ನಡುವೆ ಕಣಿ (ನೀರು ಹರಿಯುವ ಕಾಲುವೆ) ಬೇರೆ. ಡಿಸ್ಕಿನ ಕುಳಿ ಎರಡಿಂಚು ಹೊರಗೆ ಬಂದರೆ ಎರಡು ಚಕ್ರ ಸೇರಿ ಗಾಡಿ ನಾಲ್ಕು ಇಂಚು ಅಗಲವಾಗುತ್ತದೆ. ಕಣಿಯ ದಂಡೆ ಕುಸಿಯುತ್ತದೆ, ಬುಡದ ಬೇರು ಸಿಗಿಯುತ್ತದೆ. ಗುಡ್ಡೆ ಬದಿಯ ಬೆಟ್ಟು ಗದ್ದೆಯವರು ಮಾತ್ರ ಬೇಕೆಂದೇ ಅಗಲ ಮಾಡಿಕೊಳ್ಳುತ್ತಾರೆ, ಇಳಿಜಾರಿನಲ್ಲಿ ಮಗುಚುವ ಹೆದರಿಕೆ ಕಡಿಮೆ. ಹೆಚ್ಚಿನ ಮಿನಿಗಳಲ್ಲಿ ಡಿಸ್ಕ್ ತಿರುಗಿಸಿ ಹಾಕಿ ಅಗಲ ಹೊಂದಿಸಲು ಕಂಪನಿಯೇ ಅವಕಾಶ ಕೊಟ್ಟಿರುತ್ತದೆ, ಪುಸ್ತಕದಲ್ಲಿ ಚಿತ್ರ ಇರುತ್ತದೆ.

ಹಂತ 4: ಫೋರ್ ವೀಲ್ ಡ್ರೈವ್ ಆದರೆ ಇಲ್ಲಿ ಸ್ವಲ್ಪ ನಿಲ್ಲಿ

ಟು ವೀಲ್ ಡ್ರೈವ್‌ನವರು ಈ ಭಾಗ ಹಾರಿಸಬಹುದು.

ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರ ಸಣ್ಣದು, ಹಿಂದಿನದು ದೊಡ್ಡದು, ಆದರೆ ಎರಡೂ ಗೇರಿನ ಮೂಲಕ ಒಂದಕ್ಕೊಂದು ಕಟ್ಟಿಕೊಂಡಿವೆ. ಹಿಂದಿನದು ಇಷ್ಟು ಸುತ್ತು ತಿರುಗಿದರೆ ಮುಂದಿನದು ಇಷ್ಟೇ ತಿರುಗಬೇಕು ಎಂಬ ಲೆಕ್ಕ ಗೇರಿನಲ್ಲಿ ಕೂತಿದೆ. ಮುಂದಿನ ಚಕ್ರ ಹಿಂದಿನದಕ್ಕಿಂತ ಚೂರು ಮುಂಚೂಣಿಯಲ್ಲಿ ಎಳೆಯುವ ಹಾಗೆ, ಸುಮಾರು ಶೇ 1ರಿಂದ 5ರಷ್ಟು ಹೆಚ್ಚು ಓಡುವ ಹಾಗೆ ಅದನ್ನು ಮಾಡಿರುತ್ತಾರೆ. ಟಯರಿನ ಸೈಜು ಬದಲಿಸಿದಿರೋ, ಈ ಲೆಕ್ಕ ತಪ್ಪಿತು. ಮುಂದಿನ ಚಕ್ರ ಒಂದೋ ಎಳೆಸಿಕೊಂಡು ಬರುತ್ತದೆ, ಇಲ್ಲವೇ ಅತಿಯಾಗಿ ಎಳೆಯುತ್ತದೆ. ಟಯರ್ ಬೇಗ ಸವೆಯುವುದು ಸಣ್ಣ ನಷ್ಟ. ಮುಂದಿನ ಆಕ್ಸಲ್ಲಿನ ಗೇರುಗಳು ತಿರುಚಿಕೊಂಡು ಕೂರುವುದು ದೊಡ್ಡದು. ಫೋರ್ ವೀಲ್ ಲಿವರ್ ಹಾಕಿದ್ದು ತೆಗೆಯಲು ಬಾರದೆ ಸಿಕ್ಕಿಹಾಕಿಕೊಂಡರೆ ಮೊದಲ ಸಂಶಯ ಟಯರಿನ ಮೇಲೆ ಇರಲಿ.

ಕರಾವಳಿಯಲ್ಲಿ ಇದಕ್ಕೊಂದು ವಿಶೇಷ ಬಲೆ ಉಂಟು. ನಮ್ಮಲ್ಲಿ ಟ್ರ್ಯಾಕ್ಟರಿಗಿಂತ ಟಿಲ್ಲರ್ ಜಾಸ್ತಿ. ಟಿಲ್ಲರಿನ ಟಯರ್ 6.00-12, ಹಾಗಾಗಿ ಯಾವ ಪೇಟೆಯ ಅಂಗಡಿಯಲ್ಲೂ ಅದು ಸಿಗುತ್ತದೆ. ಕೆಲವು ಫೋರ್ ವೀಲ್ ಮಿನಿಗಳ ಮುಂದಿನ ರಿಮ್ ಕೂಡ 12 ಇಂಚಿನದೇ, ಆದರೆ ಟಯರ್ 5.00 ಅಥವಾ 7.00. ನಿಮ್ಮ ಸೈಜು ಇಲ್ಲದಾಗ ಅಂಗಡಿಯವರು ಟಿಲ್ಲರಿನದನ್ನು ತೋರಿಸಿ “ಇದೂ ಹನ್ನೆರಡೇ, ಕೂರ್ತದೆ” ಅನ್ನುತ್ತಾರೆ. ಸುಳ್ಳಲ್ಲ, ಕೂರುತ್ತದೆ. ಆದರೆ ಎತ್ತರ ಬೇರೆ, ಸುತ್ತಳತೆ ಬೇರೆ.

ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗಟ್ಟಿ ಮಣ್ಣಿನ ಸಮತಟ್ಟು ಜಾಗ ಬೇಕು, ಟಾರು ರಸ್ತೆ ಬೇಡ. ನಾಲ್ಕೂ ಟಯರಿನಲ್ಲಿ ಗಾಳಿ ಸರಿ ಇರಲಿ. ಹಿಂದಿನ ಒಂದು, ಮುಂದಿನ ಒಂದು ಟಯರಿಗೆ ಚಾಕಿನಿಂದ ಗೆರೆ ಹಾಕಿ. ಮೊದಲು ಫೋರ್ ವೀಲ್ ತೆಗೆದು, ನಿಧಾನ ಗೇರಿನಲ್ಲಿ ಹಿಂದಿನ ಚಕ್ರ ಹತ್ತು ಸುತ್ತು ಬರುವ ತನಕ ಓಡಿಸಿ. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬಲ್ಲಿ ನೆಲದಲ್ಲಿ ಕೋಲು ಊರಿ, ಪಕ್ಕದಲ್ಲಿ ನಡೆಯುವವರು ಮುಂದಿನ ಚಕ್ರದ ಸುತ್ತು ಎಣಿಸಲಿ. ಕೊನೆಯ ಸುತ್ತು ಅರ್ಧವೋ ಕಾಲೋ ಎಂಬುದೂ ಲೆಕ್ಕಕ್ಕೆ ಬರಬೇಕು. ಆಮೇಲೆ ಫೋರ್ ವೀಲ್ ಹಾಕಿ ಅದೇ ಎರಡು ಕೋಲಿನ ನಡುವೆ ಮತ್ತೆ ಓಡಿಸಿ ಎಣಿಸಿ. ಹಾಕದಾಗ 16 ಸುತ್ತು, ಹಾಕಿದಾಗ 16 ಮುಕ್ಕಾಲು ಹತ್ತಿರ ಬಂದರೆ ವ್ಯತ್ಯಾಸ ಶೇ 5ಕ್ಕಿಂತ ಚೂರು ಕಡಿಮೆ, ಪರವಾಗಿಲ್ಲ. ಹಾಕಿದಾಗ ಸುತ್ತು ಕಡಿಮೆಯಾದರೆ ಅಥವಾ ಒಂದಕ್ಕಿಂತ ಜಾಸ್ತಿ ಏರಿದರೆ ನಿಮ್ಮ ಟಯರ್ ಜೋಡಿ ತಪ್ಪಿದೆ.

ಇದೇ ಕಾರಣಕ್ಕೆ ಹಿಂದೆ ಪೂರ್ತಿ ಸವೆದ ಟಯರ್ ಇಟ್ಟುಕೊಂಡು ಮುಂದೆ ಮಾತ್ರ ಹೊಸದು ಹಾಕಿದರೂ ಲೆಕ್ಕ ಹಾಳಾಗುತ್ತದೆ. ಹಿಂದಿನ ಎರಡನ್ನು ಯಾವಾಗಲೂ ಜತೆಯಾಗಿ ಬದಲಿಸಿ. ಒಂದು ಬದಿ ಹೊಸದು, ಇನ್ನೊಂದು ಬದಿ ಬೋಳು ಇದ್ದರೆ ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಡೀ ದಿನ ದುಡಿಯುತ್ತಿರುತ್ತದೆ.

ಹಂತ 5: ಯಾವ ಹಲ್ಲಿನ ಟಯರ್?

ಟಯರಿನ ಹಲ್ಲಿಗೂ ದರ್ಜೆ ಉಂಟು. ಆರ್-1 ಸಾಮಾನ್ಯ ಕೃಷಿ ಟಯರ್. ಆರ್-2 ಭತ್ತ, ಕಬ್ಬಿನ ಕೆಸರಿಗೆಂದೇ ಮಾಡಿದ ಆಳ ಹಲ್ಲಿನದು. ಆರ್-4 ದಪ್ಪ ಚಪ್ಪಟೆ ಹಲ್ಲಿನ, ರಸ್ತೆ ಮತ್ತು ಲೋಡರ್ ಕೆಲಸದ ಟಯರ್. ‘ನಮ್ಮದು ಭತ್ತದ ಗದ್ದೆ, ಆರ್-2 ತಗೊಳ್ಳುವ’ ಎಂದು ಮನಸ್ಸು ಹೇಳುತ್ತದೆ. ನನ್ನ ಅಭಿಪ್ರಾಯ ಬೇರೆ. ನಮ್ಮ ಗದ್ದೆಗಳು ತುಂಡು ತುಂಡು. ಮನೆಯ ಬಯಲಿನಿಂದ ಆಚೆ ಮಜಲಿಗೆ ಹೋಗಲು ಎರಡು ಕಿಲೋಮೀಟರ್ ಟಾರು ಅಥವಾ ಕಾಂಕ್ರೀಟ್ ರಸ್ತೆ, ನಡುವೆ ಮುರಕಲ್ಲಿನ ಏರು. ಆಳದ ಹಲ್ಲು ಅಲ್ಲಿ ಬೇಗ ತಿಂದುಹೋಗುತ್ತದೆ, ಸೀಟಿನಲ್ಲಿ ಕೂತವರ ಹಲ್ಲೂ ಅಲುಗುತ್ತದೆ. ಕೆಸರಿಗೆ ಹೇಗೂ ನಾವು ಕೇಜ್ ವೀಲ್, ಅಂದರೆ ಪಂಜರದಂಥ ಕಬ್ಬಿಣದ ಚಕ್ರ, ಹಾಕುತ್ತೇವೆ. ಹಾಗಾಗಿ ಒಳ್ಳೆಯ ಆರ್-1 ಸಾಕು. ಇಡೀ ದಿನ ಗದ್ದೆಯಲ್ಲೇ ಇರುವ, ಬಾಡಿಗೆಗೆ ಉಳುವ ಗಾಡಿಯಾದರೆ ಆರ್-2 ಯೋಚಿಸಬಹುದು.

ಕೇಜ್ ವೀಲ್ ಅಂದಾಗ ನೆನಪಾಯಿತು: ಹೊಸ ಟಯರ್ ಹಾಕಿದ ಮೇಲೆ ನಿಮ್ಮ ಹಳೆ ಕೇಜ್ ವೀಲ್ ಹೊಂದುತ್ತದೆಯೇ ನೋಡಿ. ಅದು ಟಯರಿಗಿಂತ ಸ್ವಲ್ಪ ಸಣ್ಣದಿರಬೇಕು. ಹೊಸ ಡಿಸ್ಕ್ ದಪ್ಪವಾಗಿದ್ದರೆ ಹಳೆ ಬೋಲ್ಟಿನ ಉದ್ದ ಸಾಲದೆ ಹೋಗಬಹುದು.

ಹಂತ 6: ಎಲ್ಲಿ ಹುಡುಕುವುದು

ಮೊದಲ ಬಾಗಿಲು ಟ್ರ್ಯಾಕ್ಟರ್ ಕಂಪನಿಯ ಡೀಲರ್. ಡಿಸ್ಕ್, ರಿಮ್ ಇವರ ಹತ್ತಿರ ಕೇಳುವುದೇ ಒಳ್ಳೆಯದು. ಚಾಸಿ ನಂಬರ್ ಕೊಟ್ಟರೆ ಪಾರ್ಟ್ ನಂಬರ್ ತೆಗೆದು ಆರ್ಡರ್ ಹಾಕುತ್ತಾರೆ. ಬೆಲೆ ಹೆಚ್ಚು, ಬರಲು ದಿನ ಹಿಡಿಯುತ್ತದೆ, ಆದರೆ ತಪ್ಪು ಸಾಮಾನು ಬರುವುದು ಅಪರೂಪ. ಟಯರ್ ಮಾತ್ರ ಡೀಲರ್ ಹತ್ತಿರ ಕೊಳ್ಳಬೇಕೆಂದಿಲ್ಲ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬಿಕೆಟಿ ಮೊದಲಾದವರೆಲ್ಲ ಕೃಷಿ ಟಯರ್ ಮಾಡುತ್ತಾರೆ. ಮಂಗಳೂರು, ಉಡುಪಿ, ಕುಂದಾಪುರ, ಕಾರ್ಕಳದ ಟಯರ್ ಅಂಗಡಿಗಳಲ್ಲಿ ಸೈಜು ಹೇಳಿದರೆ ತರಿಸಿಕೊಡುತ್ತಾರೆ. ನಾಲ್ಕು ಕಡೆ ಫೋನ್ ಮಾಡಿ ದರ ಕೇಳಿ, ಟ್ಯೂಬ್ ಸೇರಿ ಎಷ್ಟು, ಹಾಕುವ ಕೂಲಿ ಎಷ್ಟು ಎಂದು ಬಿಡಿಸಿ ಕೇಳಿ. ಟ್ರ್ಯಾಕ್ಟರ್ ಟಯರ್ ಮತ್ತು ಟ್ಯೂಬಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಎಷ್ಟು ಹಾಕಿದ್ದಾರೆ ಎಂದು ಕಣ್ಣು ಹಾಯಿಸಿ.

ಇಲ್ಲಿ ಸಿಗದಿದ್ದರೆ ಶಿವಮೊಗ್ಗ. ಅಲ್ಲಿ ಟ್ರ್ಯಾಕ್ಟರ್ ವ್ಯಾಪಾರ ದೊಡ್ಡದು, ಗುಜರಿಯಲ್ಲೂ ಡಿಸ್ಕ್ ಸಿಗುವ ಸಾಧ್ಯತೆ ಹೆಚ್ಚು. ಕ್ಯಾಲೆಂಡರ್ ಹಾಳೆಯ ಮೇಲೆ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು ವಾಟ್ಸ್ಯಾಪ್ ಮಾಡಿದರೆ ಹೋಗಿ ಬರುವ ಖರ್ಚು ಉಳಿಯುತ್ತದೆ. ಸಾಮಾನು ಬಸ್ಸಿನ ಪಾರ್ಸೆಲ್‌ನಲ್ಲಿ ಇಳಿಯುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಕ್ಕೆ ನಿರ್ಬಂಧ ಬೀಳುವುದುಂಟು. ಅದಕ್ಕೇ ಹೇಳುವುದು, ಈ ಕೆಲಸ ಬಿಸುವಿನ (ಏಪ್ರಿಲ್ ನಡುವಿನ ಹೊಸ ವರ್ಷದ ಹಬ್ಬ) ಹೊತ್ತಿಗೆ ಮುಗಿಸಿ. ಮೇ ಕೊನೆಗೆ ಎಲ್ಲರಿಗೂ ಒಟ್ಟಿಗೆ ನೆನಪಾಗುತ್ತದೆ, ನನ್ನ ಹಾಗೆ.

ಗುಜರಿಯ ಡಿಸ್ಕ್ ಕೊಳ್ಳುವಾಗ ಎರಡನೇ ಹಂತದ ಪರೀಕ್ಷೆಯನ್ನೆಲ್ಲ ಅಲ್ಲೇ ಮಾಡಿ. ಹೊಸ ಪೈಂಟ್ ಹೊಡೆದು ಇಟ್ಟಿದ್ದರೆ ಇನ್ನೂ ಜಾಸ್ತಿ ಅನುಮಾನಪಡಿ.

ಯಾವುದೂ ಆಗದಿದ್ದರೆ ಲೇಥ್‌ನವರ ಹತ್ತಿರ ಬೇರೆ ರಿಮ್ಮಿಗೆ ನಿಮ್ಮ ಡಿಸ್ಕ್ ಕೂರಿಸಿ ವೆಲ್ಡ್ ಮಾಡಿಸುವುದು. ಬೈಕಂಪಾಡಿ, ಯೆಯ್ಯಾಡಿಯಂಥ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್‌ಗಳಲ್ಲಿ ಮಾಡುವವರು ಸಿಗುತ್ತಾರೆ. ಕೆಲಸ ಮುಗಿದ ಮೇಲೆ ಚಕ್ರವನ್ನು ಹಬ್ಬಿಗೆ ಹಾಕಿ, ಜಾಕಿ ಮೇಲೆ ಎತ್ತಿ, ಒಂದು ಕಲ್ಲಿನ ಮೇಲೆ ಮೊಳೆ ಇಟ್ಟು ಅದರ ತುದಿ ರಿಮ್ಮಿಗೆ ತಾಗುವಂತೆ ಹಿಡಿದು ತಿರುಗಿಸಿ. ಒಂದು ಸುತ್ತಿನಲ್ಲಿ ಮೊಳೆಯಿಂದ ರಿಮ್ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ದೂರ ಹತ್ತಿರ ಆದರೆ ನಾನಾದರೆ ವಾಪಸ್ ಕೊಡುತ್ತೇನೆ.

ಹಂತ 7: ಅಂಗಡಿಯಲ್ಲಿ ಟಯರ್ ಇಳಿಸಿದ ಮೇಲೆ

ತಯಾರಾದ ದಿನ ನೋಡಿ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 3224 ಅಂದರೆ 2024ರ 32ನೇ ವಾರ. ನಮ್ಮ ಕಡೆ ಮಿನಿ ಟ್ರ್ಯಾಕ್ಟರ್ ಸೈಜು ಹೆಚ್ಚು ಖರ್ಚಾಗುವುದಿಲ್ಲ, ಹಾಗಾಗಿ ಮೂರು ನಾಲ್ಕು ವರ್ಷ ಮೂಲೆಯಲ್ಲಿ ಕೂತ ಟಯರ್ ‘ಹೊಸದು’ ಎಂದು ಸಿಗುವ ಸಂಭವ ಇದೆ. ಅದೇ ಬೇಕಾದರೆ ದರ ಇಳಿಸಿ ಕೇಳಿ. ಜೋಡಿ ಟಯರ್ ಎರಡೂ ಒಂದೇ ಕಂಪನಿ, ಒಂದೇ ಮಾದರಿ, ಹತ್ತಿರದ ವಾರದವು ಇರಲಿ. ಬಿಲ್ಲಿನಲ್ಲಿ ಟಯರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಅದಿಲ್ಲದಿದ್ದರೆ ವಾರಂಟಿ ಕೇಳಲು ಹೋದಾಗ ಮಾತಿಗೆ ಬೆಲೆ ಇರುವುದಿಲ್ಲ.

ಹಳೆ ಟ್ಯೂಬ್ ಹೊಸ ಟಯರಿನೊಳಗೆ ಬೇಡ. ಟ್ಯೂಬ್ ವರ್ಷ ಕಳೆದಂತೆ ಹಿಗ್ಗುತ್ತದೆ, ಹೊಸ ಟಯರಿನಲ್ಲಿ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಸೀಳುತ್ತದೆ. ನೀರು ತುಂಬಿಸುವ ಯೋಚನೆ ಇದ್ದರೆ ನೀರು-ಗಾಳಿ ಎರಡಕ್ಕೂ ಆಗುವ ವಾಲ್ವ್ ಇರುವ ಟ್ಯೂಬ್, ಅಂದರೆ ಟಿಆರ್ 218ಎ ಎಂದು ಕೇಳಿ.

ಹಂತ 8: ಹಾಕಿಸುವಾಗ ಪಕ್ಕದಲ್ಲಿ ನಿಲ್ಲಿ, ಎದುರಿಗಲ್ಲ

ಟಯರಿನ ಅಂಚಿಗೆ ಸಾಬೂನು ನೀರು ಹಚ್ಚಬೇಕು. ಗ್ರೀಸ್, ಡೀಸೆಲ್ ಹಚ್ಚಿದರೆ ರಬ್ಬರ್ ಹಾಳು. ಅಂಚು ರಿಮ್ಮಿಗೆ ಕೂರದಿದ್ದರೆ ಗಾಳಿ ಏರಿಸುತ್ತಾ ಹೋಗುವುದು ನಮ್ಮಲ್ಲಿ ರೂಢಿ, ಅದು ಅಪಾಯ. ಗಾಳಿಯ ಒತ್ತಡ 35 ಪಿಎಸ್‌ಐ ದಾಟಬಾರದು. ಅಷ್ಟರಲ್ಲಿ ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಸಾಬೂನು ಹಚ್ಚಿ, ಮೊದಲಿನಿಂದ ಶುರು.

ಇನ್ನು ದಿಕ್ಕು. ಹಿಂದಿನ ಟಯರಿನ ಪಕ್ಕೆಯಲ್ಲಿ ಬಾಣದ ಗುರುತು ಇರುತ್ತದೆ, ಗಾಡಿ ಮುಂದೆ ಹೋಗುವಾಗ ಚಕ್ರ ತಿರುಗುವ ಕಡೆಗೆ ಅದು ತೋರಿಸಬೇಕು. ಬಾಣ ಕಾಣದಿದ್ದರೆ ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿ: ಹಲ್ಲುಗಳು ಸೇರುವ ಚೂಪು ಮೇಲ್ಮುಖವಾಗಿರಬೇಕು, ಮನೆಯ ಮಾಡಿನ ಹಾಗೆ. ಉಲ್ಟಾ ಹಾಕಿದರೆ ಹಲ್ಲಿನ ನಡುವಿನ ಕೆಸರು ಹೊರಗೆ ಬೀಳದೆ ಟಯರ್ ಮಣ್ಣಿನ ಉಂಡೆಯಾಗುತ್ತದೆ. ಅಂಗಡಿಯಲ್ಲಿ ಎರಡೂ ಟಯರ್ ಒಂದೇ ಮುಖವಾಗಿ ಡಿಸ್ಕಿಗೆ ಹಾಕಿಬಿಟ್ಟರೆ ಒಂದು ಬದಿ ಖಂಡಿತ ಉಲ್ಟಾ ಬರುತ್ತದೆ, ಇದು ತೀರಾ ಸಾಮಾನ್ಯ ತಪ್ಪು.

ಗಾಳಿ ಎಷ್ಟು ಎಂಬುದನ್ನು ಟ್ರ್ಯಾಕ್ಟರಿನ ಪುಸ್ತಕ ನೋಡಿ ಹಾಕಿಸಿ. ಗದ್ದೆ ಕೆಲಸಕ್ಕೆ ಹಿಂದಿನ ಟಯರಿಗೆ ಸಾಮಾನ್ಯವಾಗಿ 12ರಿಂದ 16 ಪಿಎಸ್‌ಐ ಸಾಕಾಗುತ್ತದೆ. ಲಾರಿಗೆ ಗಾಳಿ ಹಾಕಿ ಅಭ್ಯಾಸವಾದ ಹುಡುಗರು ಕಲ್ಲಿನ ಹಾಗೆ ತುಂಬಿಸಿಬಿಡುತ್ತಾರೆ. ಒಂದು ಸಣ್ಣ ಗೇಜ್ ಮನೆಯಲ್ಲೇ ಇಟ್ಟುಕೊಳ್ಳಿ.

ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿಸಿ. ಒಂದು ಗಂಟೆ ಕೆಲಸ ಮಾಡಿದ ಮೇಲೆ ಮತ್ತೆ ಪಾನ ಹಾಕಿ ನೋಡಿ, ಹೊಸ ಪೈಂಟ್ ಇದ್ದಲ್ಲಿ ಕಾಲು ಸುತ್ತಾದರೂ ತಿರುಗಿಯೇ ತಿರುಗುತ್ತದೆ. ಮರುದಿನ ಇನ್ನೊಮ್ಮೆ.

ಬಿಚ್ಚಿದ ಹಳೆ ಟಯರನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ, ನಾಲ್ಕು ಕಾಸು ಕಳೆದು ಕೊಡುತ್ತಾರೆ. ಬೇಕಾದೀತು ಎಂದು ಮನೆಗೆ ತಂದು ಕೊಟ್ಟಿಗೆಯ ಹಿಂದೆ ಒರಗಿಸಿಟ್ಟರೆ ಮೊದಲ ಮಳೆಗೆ ಅದರಲ್ಲಿ ನೀರು ನಿಲ್ಲುತ್ತದೆ, ವಾರದಲ್ಲಿ ಡೆಂಗಿ ಸೊಳ್ಳೆಯ ಮರಿ. ನನ್ನ ಹಳೆಯ ಜೋಡಿಯಲ್ಲಿ ಒಂದನ್ನು ಹಾಗೆ ಇಟ್ಟಿದ್ದೆ. ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ತೋರಿಸಿದ ಮೇಲೆ ಅದೇ ಸಂಜೆ ಗುಜರಿಯವರಿಗೆ ಫೋನ್ ಮಾಡಿದೆ.